ಬೆಳ್ಳಕ್ಕಿ ಸಾಲಿನ ಲೆಕ್ಕ: ವಿಮಾನ ಹಕ್ಕಿಯಿಂದ ಕಲಿತದ್ದೆಷ್ಟು?

ಎರಡು ವಿಮಾನಗಳು ಹೆಬ್ಬಾತುಗಳ ಹಾಗೆ ಹಿಂದೆ ಮುಂದೆ ಹಾರಿದರೆ ಹಿಂದಿನದಕ್ಕೆ ಇಂಧನ ಉಳಿಯುತ್ತದೆ ಅನ್ನುವ ಸುದ್ದಿ ಕೆಲವು ವರ್ಷಗಳಿಂದ ಆಗಾಗ ಬರುತ್ತಲೇ ಇದೆ. 2021ರ ನವೆಂಬರ್‌ನಲ್ಲಿ ಏರ್‌ಬಸ್ ಕಂಪನಿ ತನ್ನ ಎರಡು ಎ350 ವಿಮಾನಗಳನ್ನು ಫ್ರಾನ್ಸಿನ ಟೂಲೂಸ್‌ನಿಂದ ಕೆನಡಾದ ಮಾಂಟ್ರಿಯಲ್‌ಗೆ ಹೀಗೆ ಹಾರಿಸಿ ತೋರಿಸಿತು. 2025ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ಮುಂದಿನ ಹೆಜ್ಜೆ. ಬೇರೆ ಬೇರೆ ಊರಿಂದ ಹೊರಟ ವಿಮಾನಗಳನ್ನು ಗೊತ್ತಾದ ಜಾಗಕ್ಕೆ, ಗೊತ್ತಾದ ಹೊತ್ತಿಗೆ ಜೋಡಿಯಾಗಿ ತಲುಪಿಸುವ ಪ್ರಯೋಗ ಅದು. ಇದರ ನಡುವೆ ಶಾರ್ಕ್ ಚರ್ಮದಂಥ ಹಾಳೆ ಅಂಟಿಸಿಕೊಂಡ ವಿಮಾನದ ಸುದ್ದಿಯೂ ಬಂತು. ಅದರಿಂದ ಉಳಿಯುವುದು 1 ಪರ್ಸೆಂಟ್ ಇಂಧನವಂತೆ.

ಓದುವವರಿಗೆ ಗೊಂದಲ ಆಗುವುದು ಸಹಜ. ಒಂದು ವಿಮಾನದ ಬೆನ್ನಿಗೆ ಇನ್ನೊಂದು ಹೋಗುವುದು ಅಪಾಯ ಅಂತ ಇಷ್ಟು ವರ್ಷ ಹೇಳಿದವರೇ ಈಗ ಹಿಂದೆ ಹೋದರೆ ಲಾಭ ಅನ್ನುತ್ತಿದ್ದಾರೆ. ಇನ್ನು ಆ 1 ಪರ್ಸೆಂಟ್‌ಗೆ ಇಷ್ಟು ಸಂಭ್ರಮ ಯಾಕೆ?

ನಮ್ಮ ಕಡೆಯವರಿಗೆ ಇದು ಎಲ್ಲೋ ದೂರದ ವಿಷಯವಾಗಿಯೂ ಉಳಿದಿಲ್ಲ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. (ಹೆಲಿಕಾಪ್ಟರ್ ಮಾಡುವ ತಾಲ್ಲೂಕಿನ ಹೆಸರೇ ಗುಬ್ಬಿ. ಯಾರೂ ಯೋಚಿಸಿ ಇಟ್ಟದ್ದಲ್ಲ, ಹಾಗೇ ಕೂಡಿಬಂತು.) ಕೋಲಾರದ ವೇಮಗಲ್‌ನಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಎಚ್125 ಹೆಲಿಕಾಪ್ಟರ್ ಜೋಡಿಸುವ ಯೋಜನೆ ಇದೆ. ಚಿಕ್ಕಬಳ್ಳಾಪುರದವರಿಗಂತೂ ದೇವನಹಳ್ಳಿಯ ವಿಮಾನಗಳು ದಿನಾ ತಲೆ ಮೇಲೆಯೇ.

ಹಿಂದೆ ಹೋದರೆ ಅಪಾಯವೋ, ಲಾಭವೋ?

ಎರಡೂ ನಿಜ. ಯಾವ ಜಾಗದಲ್ಲಿ ಹಿಂದೆ ಅನ್ನುವುದೇ ಇಲ್ಲಿ ಮುಖ್ಯ.

ರೆಕ್ಕೆ ಕೆಲಸ ಮಾಡುವುದು ಗಾಳಿಯನ್ನು ಕೆಳಗೆ ತಳ್ಳಿ. ಗಾಳಿ ಕೆಳಗೆ ಹೋದಷ್ಟೂ ವಿಮಾನ ಮೇಲೆ ನಿಲ್ಲುತ್ತದೆ. ಹಾರುವಾಗ ರೆಕ್ಕೆಯ ಕೆಳಗೆ ಒತ್ತಡ ಜಾಸ್ತಿ, ಮೇಲೆ ಕಮ್ಮಿ. ಹಾಗಾಗಿ ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿ ಅಂಚು ಸುತ್ತಿಕೊಂಡು ಮೇಲಕ್ಕೆ ನುಗ್ಗುತ್ತದೆ. ಎಡಗಡೆ ಒಂದು, ಬಲಗಡೆ ಒಂದು, ಹೀಗೆ ಎರಡು ಸುಳಿಗಳು ವಿಮಾನದ ಹಿಂದೆ ಹಗ್ಗದ ಹಾಗೆ ಕಿಲೋಮೀಟರ್‌ಗಟ್ಟಲೆ ಬಿಚ್ಚಿಕೊಳ್ಳುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಆದರೆ ಸಣ್ಣ ವಿಮಾನವೊಂದು ಅದರೊಳಗೆ ಸಿಕ್ಕರೆ ಮಗುಚಿಬಿಡುವಷ್ಟು ಜೋರಿರುತ್ತವೆ. ಎ380ಯಂಥ ದೈತ್ಯ ಇಳಿದ ಮೇಲೆ ಅದೇ ರನ್‌ವೇಗೆ ಪುಟ್ಟ ವಿಮಾನ ಬರಬೇಕಾದರೆ ನಡುವೆ ಸುಮಾರು 15 ಕಿಲೋಮೀಟರ್ ಬಿಡಬೇಕು ಅನ್ನುವ ನಿಯಮ ಬಂದದ್ದು ಈ ಸುಳಿಯ ಭಯದಿಂದಲೇ.

ಸುಳಿ ಅಂದಮೇಲೆ ಅದಕ್ಕೆ ಎರಡು ಮಗ್ಗುಲು ಇರಲೇಬೇಕಲ್ವಾ? ಎರಡು ಸುಳಿಗಳ ನಡುವೆ, ಅಂದರೆ ವಿಮಾನದ ನೇರ ಬೆನ್ನ ಹಿಂದೆ, ಗಾಳಿ ಕೆಳಗೆ ಇಳಿಯುತ್ತಿರುತ್ತದೆ. ಸುಳಿಯ ಹೊರಮಗ್ಗುಲಲ್ಲಿ ಅದೇ ಗಾಳಿ ಮೇಲಕ್ಕೆ ಏರುತ್ತಿರುತ್ತದೆ. ಹಿಂದಿನ ವಿಮಾನ ತನ್ನ ರೆಕ್ಕೆಯನ್ನು ಈ ಏರುಗಾಳಿಗೆ ಚಾಚಿದರೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ. ಪೆಡಲ್ ಸ್ವಲ್ಪ ಕಮ್ಮಿ ತುಳಿದರೂ ಅದೇ ವೇಗದಲ್ಲಿ ಹೋಗಬಹುದು. ವಿಮಾನದಲ್ಲಾದರೆ ಎಂಜಿನ್ ಸ್ವಲ್ಪ ಇಳಿಸಬಹುದು.

ಸಂಜೆ ಕೆರೆಯಿಂದ ಗೂಡಿಗೆ ಮರಳುವ ಬೆಳ್ಳಕ್ಕಿಗಳು ಒಂದರ ಹಿಂದೆ ಒಂದು ನೇರ ಸಾಲಿನಲ್ಲಿ ಹೋಗದೆ ಓರೆಯಾಗಿ ಸಾಗುವುದನ್ನು ಯಾರೂ ನೋಡದೆ ಇರಲಾರರು. ಲಾರಿಯ ಹಿಂದೆ ಸೈಕಲ್ ಹೊಡೆದರೆ ಗಾಳಿ ತಡೆ ತಪ್ಪುತ್ತದೆ ಅಂತ ಹುಡುಗರು ಮಾಡುವ ಸಾಹಸ ಬೇರೆ, ಇದು ಬೇರೆ. ಹಕ್ಕಿ ನೇರ ಹಿಂದೆ ಹೋದರೆ ಇಳಿಗಾಳಿಗೆ ಸಿಕ್ಕಿ ನಷ್ಟವೇ. 2014ರಲ್ಲಿ ಐಬಿಸ್ ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಅಳೆದ ಸಂಶೋಧಕರಿಗೆ ಇನ್ನೂ ಒಂದು ವಿಷಯ ಗೊತ್ತಾಯಿತು. ಹಿಂದಿನ ಹಕ್ಕಿ ಸರಿಯಾದ ಜಾಗ ಹಿಡಿಯುವುದಷ್ಟೇ ಅಲ್ಲ, ಮುಂದಿನ ಹಕ್ಕಿಯ ರೆಕ್ಕೆಯ ಬಡಿತಕ್ಕೆ ತಾಳ ಕೂಡಿಸಿ ಬಡಿಯುತ್ತದೆ. ಅದಕ್ಕೂ ಮುಂಚೆ, 2001ರಲ್ಲಿ, ಸಾಲಿನಲ್ಲಿ ಹಾರುವ ಪೆಲಿಕನ್‌ಗಳ ಎದೆಬಡಿತ ಒಂಟಿಯಾಗಿ ಹಾರುವವಕ್ಕಿಂತ 11ರಿಂದ 14 ಪರ್ಸೆಂಟ್ ಕಮ್ಮಿ ಅಂತ ಕಂಡುಬಂದಿತ್ತು.

ವಿಮಾನಕ್ಕೆ ತಾಳದ ತಲೆನೋವಿಲ್ಲ, ಅದರ ರೆಕ್ಕೆ ಬಡಿಯುವುದಿಲ್ಲ. ಆದರೆ ಹಕ್ಕಿಯ ಹಾಗೆ ಗರಿಯ ಬುಡದಲ್ಲೇ ಗಾಳಿಯ ಒತ್ತು ತಿಳಿಯುವ ಶಕ್ತಿಯೂ ಇಲ್ಲ. 2021ರ ಹಾರಾಟದಲ್ಲಿ ಎರಡು ವಿಮಾನಗಳ ನಡುವೆ ಇದ್ದದ್ದು 3 ಕಿಲೋಮೀಟರ್. ಅಷ್ಟು ಹಿಂದೆ ಇದ್ದುಕೊಂಡು, ಕಾಣದ ಸುಳಿಯ ಸರಿಯಾದ ಅಂಚಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಪೈಲಟ್ ಕೈಯಲ್ಲಿ ಇದು ಆಗದ ಕೆಲಸ, ಕಂಪ್ಯೂಟರೇ ಮಾಡಬೇಕು. ಆ ಒಂದು ಪ್ರಯಾಣದಲ್ಲಿ 6 ಟನ್‌ಗಿಂತ ಜಾಸ್ತಿ ಇಂಗಾಲದ ಡೈ ಆಕ್ಸೈಡ್ ಕಮ್ಮಿ ಆಯಿತು, ದೂರದ ಹಾರಾಟಗಳಲ್ಲಿ 5 ಪರ್ಸೆಂಟ್‌ಗಿಂತ ಜಾಸ್ತಿ ಇಂಧನ ಉಳಿಸಬಹುದು ಅಂತ ಏರ್‌ಬಸ್ ಹೇಳಿದೆ.

ಕಗ್ಗಲಡುವಿನ ಹುಣಸೆ ಮರ

ತುದಿಯ ಸುಳಿಯಿಂದ ಹಿಂದಿನವರಿಗೆ ಲಾಭ ಇರಬಹುದು, ಅದನ್ನು ಹುಟ್ಟಿಸುವ ವಿಮಾನಕ್ಕೆ ಮಾತ್ರ ನಷ್ಟ. ಗಾಳಿಯನ್ನು ಸುಮ್ನೆ ತಿರುಗಿಸುವುದಕ್ಕೂ ಇಂಧನ ಬೇಕಲ್ಲ. ಈ ನಷ್ಟ ಕಮ್ಮಿ ಮಾಡಲು ಸುಲಭದ ದಾರಿ ರೆಕ್ಕೆಯನ್ನು ಉದ್ದ ಮಾಡುವುದು. ಸಮುದ್ರದ ಮೇಲೆ ಹಾರುವ ಆಲ್ಬಟ್ರಾಸ್ ಹಕ್ಕಿಯ ರೆಕ್ಕೆ ತುದಿಯಿಂದ ತುದಿಗೆ 3 ಮೀಟರ್ ದಾಟುತ್ತದೆ. ಉದ್ದ, ಸಣಕಲು, ತುದಿ ಚೂಪು.

ಹಾಗಾದರೆ ಎಲ್ಲ ಹಕ್ಕಿಗೂ ಅಂಥದೇ ರೆಕ್ಕೆ ಯಾಕಿಲ್ಲ? ಉತ್ತರ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಸಿಗುತ್ತದೆ. ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಜಾಗ ಅದು. ಗೂಡುಗಳು ಒತ್ತೊತ್ತಾಗಿರುತ್ತವೆ. ಒಂದೂವರೆ ಮೀಟರ್ ಅಗಲದ ರೆಕ್ಕೆಯ ಹಕ್ಕಿ ರೆಂಬೆಗಳ ಸಂದಿಯಲ್ಲಿ ಇಳಿಯಬೇಕು, ಪಕ್ಕದ ಗೂಡಿಗೆ ತಗುಲದೆ ಏಳಬೇಕು. ಆಲ್ಬಟ್ರಾಸ್ ರೆಕ್ಕೆ ಇಟ್ಟುಕೊಂಡು ಹುಣಸೆ ಮರದಲ್ಲಿ ಸಂಸಾರ ನಡೆಸಲಾಗುವುದಿಲ್ಲ.

ಹಾಗಾಗಿ ಕೊಕ್ಕರೆ ಬೇರೆ ದಾರಿ ಹಿಡಿದಿದೆ. ಬಿಸಿಲೇರಿ ನೆಲ ಕಾದ ಮೇಲೆ ಅದು ಬಿಸಿಗಾಳಿಯ ಕಂಬ ಹಿಡಿದು ಸುತ್ತುತ್ತಾ ಮೇಲೇರುವಾಗ ರೆಕ್ಕೆಯ ತುದಿ ನೋಡಿ. ಕಪ್ಪು ಗರಿಗಳು ಬಿಚ್ಚಿದ ಬೆರಳುಗಳ ಹಾಗೆ ಬೇರೆ ಬೇರೆಯಾಗಿ ಮೇಲಕ್ಕೆ ಬಾಗಿರುತ್ತವೆ. ದೊಡ್ಡ ಸುಳಿ ಒಂದರ ಬದಲು ಪ್ರತಿ ಬೆರಳಿಗೂ ಪುಟ್ಟ ಸುಳಿ. ಸುಳಿಗಳು ಹೀಗೆ ಹರಡಿಹೋದರೆ ರೆಕ್ಕೆ ಉದ್ದ ಆಗದೆಯೂ ಉದ್ದ ಆದ ಹಾಗೆ. ಹದ್ದುಗಳದ್ದೂ ಇದೇ ಉಪಾಯ. 1990ರ ದಶಕದಲ್ಲಿ ಅಮೆರಿಕದ ವಾನ್ಸ್ ಟಕರ್ ಅನ್ನುವ ವಿಜ್ಞಾನಿ ಗಾಳಿಸುರಂಗದಲ್ಲಿ (ಪರೀಕ್ಷೆಗೆಂದು ಯಂತ್ರದಿಂದ ಗಾಳಿ ಹರಿಸುವ ದೊಡ್ಡ ಕೊಳವೆ) ಗಿಡುಗವನ್ನು ಹಾರಿಸಿ, ಈ ಬಿಚ್ಚುಗರಿಗಳು ಎಳೆತವನ್ನು, ಅಂದರೆ ಹಾರುವುದನ್ನು ಗಾಳಿ ಹಿಂದಕ್ಕೆ ತಡೆಯುವ ಬಲವನ್ನು, ನಿಜವಾಗಿಯೂ ಇಳಿಸುತ್ತವೆ ಅಂತ ಅಳೆದು ತೋರಿಸಿದರು.

ವಿಮಾನಕ್ಕೂ ಒಂದು ಹುಣಸೆ ಮರ ಇದೆ, ಅದು ನಿಲ್ದಾಣದ ಗೇಟು. ಎ320, 737 ಥರದ ವಿಮಾನಗಳು ನಿಲ್ಲುವ ಜಾಗದಲ್ಲಿ ರೆಕ್ಕೆಯ ಅಗಲ 36 ಮೀಟರ್ ಒಳಗಿರಬೇಕು. ಇವತ್ತಿನ ಎ320ಯ ಅಗಲ 35.8 ಮೀಟರ್. ಅಂದರೆ ಗೇಣುದ್ದದ ಜಾಗ ಉಳಿಸಿಕೊಂಡು ನಿಯಮದೊಳಗೆ ತುರುಕಿದ್ದಾರೆ. ಇನ್ನು ಬೆಳೆಯಲು ಜಾಗ ಇರುವುದು ಮೇಲಕ್ಕೆ ಮಾತ್ರ. ಕಿಟಕಿ ಪಕ್ಕ ಕೂತವರಿಗೆ ಕಾಣುವ, ಮೇಲಕ್ಕೆ ಬಾಗಿದ ರೆಕ್ಕೆಯ ತುದಿ ಬಂದದ್ದು ಹೀಗೆ. 1973ರ ತೈಲ ಬಿಕ್ಕಟ್ಟು ಎಲ್ಲರನ್ನೂ ಇಂಧನದ ಲೆಕ್ಕಕ್ಕೆ ಕೂರಿಸಿತು. 1976ರಲ್ಲಿ ನಾಸಾದ ರಿಚರ್ಡ್ ವಿಟ್‌ಕಾಂಬ್ ಈ ತುದಿಯ ವಿನ್ಯಾಸ ಪ್ರಕಟಿಸಿದರು. ಗಾಳಿಯಲ್ಲಿ ತೇಲುವ ಹಕ್ಕಿಗಳ ತುದಿಗರಿಯ ಬಗ್ಗೆ ಓದಿದ್ದು ಅವರಿಗೆ ಪ್ರೇರಣೆ ಆಯಿತಂತೆ. ಎ320ಯಲ್ಲಿ ಈ ತುದಿಯಿಂದ 4 ಪರ್ಸೆಂಟ್‌ವರೆಗೂ ಇಂಧನ ಉಳಿಯುತ್ತದೆ ಅನ್ನುತ್ತದೆ ಏರ್‌ಬಸ್. ಬೋಯಿಂಗ್ 777ಎಕ್ಸ್‌ನದು ಇನ್ನೊಂದು ದಾರಿ. ಆಕಾಶದಲ್ಲಿ 71.8 ಮೀಟರ್ ರೆಕ್ಕೆ, ನೆಲಕ್ಕಿಳಿದ ಮೇಲೆ ತುದಿ ಮಡಚಿ 64.8 ಮೀಟರ್. ಹಕ್ಕಿ ಗೂಡಿಗೆ ಬಂದು ರೆಕ್ಕೆ ಮಡಚುವುದಕ್ಕೂ ಇದಕ್ಕೂ ಕಾರಣ ಒಂದೇ.

ಹಕ್ಕಿ ಮತ್ತು ವಿಮಾನದ ನಿಜವಾದ ನೆಂಟಸ್ತಿಕೆ ಇರುವುದು ಇಲ್ಲಿ ಅನ್ನಿಸುತ್ತದೆ. ರೂಪ ಒಂದೇ ಥರ ಇರಬೇಕಾಗಿಲ್ಲ, ಇಕ್ಕಟ್ಟು ಒಂದೇ ಥರದ್ದು.

ಶಾರ್ಕ್ ಚರ್ಮದ ಒಂದು ಪರ್ಸೆಂಟ್

ಶಾರ್ಕ್ ಮೈಮೇಲಿನ ಹುರುಪೆಗಳಲ್ಲಿ ಸಣ್ಣ ಸಣ್ಣ ಉದ್ದ ಗೀರುಗಳಿವೆ. ಬಾಲದ ಕಡೆಯಿಂದ ತಲೆಯ ಕಡೆಗೆ ಸವರಿದರೆ ಉಪ್ಪುಕಾಗದ. ನುಣುಪಾದ ಮೈಯೇ ಸಲೀಸಾಗಿ ಜಾರುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ವೇಗದಲ್ಲಿ ಹರಿಯುವ ಗಾಳಿಯಲ್ಲಿ ಮೈಗೆ ಅಂಟಿಕೊಂಡಂತೆ ಪುಟಾಣಿ ಸುರುಳಿಗಳು ಹೊರಳಾಡುತ್ತಿರುತ್ತವೆ. ಮೈ ನುಣುಪಾಗಿದ್ದರೆ ಅವು ಎಲ್ಲ ಕಡೆ ಉಜ್ಜುತ್ತವೆ. ಗೀರುಗಳಿದ್ದರೆ ಏಣುಗಳ ತುದಿಗೆ ಮಾತ್ರ ತಾಗಿ, ಮೇಲೆಯೇ ಉಳಿಯುತ್ತವೆ. ಉಜ್ಜಾಟ ಕಮ್ಮಿ.

ಲುಫ್ತಾನ್ಸಾ ಟೆಕ್ನಿಕ್ ಮತ್ತು ಬಿಎಎಸ್‌ಎಫ್ ಕಂಪನಿಗಳು ಮಾಡಿದ ಹಾಳೆಯಲ್ಲಿ ಈ ಏಣುಗಳ ಎತ್ತರ ಸುಮಾರು 50 ಮೈಕ್ರೋಮೀಟರ್, ತಲೆಗೂದಲಿನ ದಪ್ಪಕ್ಕಿಂತ ಕಮ್ಮಿ. 2022ರಿಂದ ಸ್ವಿಸ್ ಅನ್ನುವ ವಿಮಾನಯಾನ ಸಂಸ್ಥೆಯ ಬೋಯಿಂಗ್ 777 ವಿಮಾನಗಳು ಇದನ್ನು ಅಂಟಿಸಿಕೊಂಡು ಹಾರುತ್ತಿವೆ. ವಿಚಾರ ಹೊಸದೇನಲ್ಲ. ನಾಸಾದಲ್ಲಿ 1980ರ ದಶಕದಲ್ಲೇ ಇದರ ಕೆಲಸ ನಡೆದಿತ್ತು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲೂ ಈ ಗೀರುಗಳ ಮೇಲೆ ಗಾಳಿಸುರಂಗದ ಪರೀಕ್ಷೆಗಳು ನಡೆದಿವೆ.

ಪ್ರಯೋಗಶಾಲೆಯಲ್ಲಿ ಉಜ್ಜಾಟ 8 ಪರ್ಸೆಂಟ್‌ವರೆಗೆ ಇಳಿದದ್ದಿದೆ. ವಿಮಾನದಲ್ಲಿ ಅದು 1ಕ್ಕೆ ಬಂದು ನಿಲ್ಲುವುದೇಕೆ? ಹಾರುವ ವಿಮಾನದ ಎಳೆತದಲ್ಲಿ ಚರ್ಮದ ಉಜ್ಜಾಟದ ಪಾಲು ಸುಮಾರು ಅರ್ಧ, ಅಲ್ಲಿಗೇ ಅರ್ಧ ಹೋಯಿತು. ಕಿಟಕಿ, ಬಾಗಿಲು, ಅಲುಗಾಡುವ ಭಾಗಗಳಿಗೆ ಹಾಳೆ ಅಂಟಿಸಲಾಗುವುದಿಲ್ಲ. ಗಾಳಿ ಹರಿಯುವ ದಿಕ್ಕಿಗೂ ಗೀರಿನ ದಿಕ್ಕಿಗೂ ಎಲ್ಲ ಕಡೆ ತಾಳೆ ಆಗುವುದಿಲ್ಲ. ಕಳೆಯುತ್ತಾ ಹೋದರೆ ಉಳಿಯುವುದು ಒಂದು.

ಆದರೂ ಅದು ಸಣ್ಣದಲ್ಲ. ಸ್ವಿಸ್‌ನ 12 ವಿಮಾನಗಳಿಗೆ ವರ್ಷಕ್ಕೆ ಉಳಿಯುವ ಇಂಧನ 4,800 ಟನ್ ಅಂತ ಕಂಪನಿಯ ಲೆಕ್ಕ. ಒಂದೊಂದಕ್ಕೆ 400 ಟನ್. ಹಾಳೆ ಅಂಟಿಸಲು ವಿಮಾನ ಎಷ್ಟು ದಿನ ಹಾರದೆ ನಿಲ್ಲಬೇಕು, ಧೂಳು, ಬಿಸಿಲು, ತೊಳೆತಕ್ಕೆ ಏಣುಗಳು ಎಷ್ಟು ವರ್ಷ ತಡೆಯುತ್ತವೆ ಅನ್ನುವುದರ ಮೇಲೆ ಲಾಭ ನಷ್ಟ ನಿಂತಿದೆ. ವರ್ಷವಿಡೀ ದೂರದ ಹಾರಾಟ ಮಾಡುವ ದೊಡ್ಡ ವಿಮಾನಕ್ಕೆ ಇದು ಬೇಗ ಗಿಟ್ಟುತ್ತದೆ. ಗಂಟೆಗೊಮ್ಮೆ ಇಳಿದು ಏರುವ ಸಣ್ಣ ವಿಮಾನಕ್ಕೆ ಅಷ್ಟು ಬೇಗ ಗಿಟ್ಟುವುದಿಲ್ಲ.

ನಕಲು ಕೈಕೊಡುವುದು ಎಲ್ಲಿ?

ಪ್ರಕೃತಿ ಕೋಟಿಗಟ್ಟಲೆ ವರ್ಷ ತಿದ್ದಿ ತಿದ್ದಿ ಮಾಡಿದ್ದನ್ನು ನಾವು ಎತ್ತಿಕೊಂಡರೆ ಸಾಕು ಅಂತ ಒಂದು ಪಕ್ಷ ಹೇಳುತ್ತದೆ. ಇನ್ನೊಂದು ಪಕ್ಷದಲ್ಲಿ ಹಳೇ ತಲೆಯ ಎಂಜಿನಿಯರುಗಳಿದ್ದಾರೆ. ವಿಮಾನ ಹಾರಿದ್ದೇ ಹಕ್ಕಿಯ ನಕಲು ಬಿಟ್ಟ ಮೇಲೆ ಅನ್ನುತ್ತಾರೆ ಅವರು. ಅವರ ಮಾತಲ್ಲೂ ಹುರುಳಿದೆ.

ರೆಕ್ಕೆ ಬಡಿದು ಹಾರಲು ಹೊರಟ ಯಂತ್ರಗಳು ಶತಮಾನಗಳ ಕಾಲ ನೆಲ ಬಿಟ್ಟು ಏಳಲಿಲ್ಲ. ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಗೆದ್ದದ್ದು ಕೊಕ್ಕರೆಗಳನ್ನು ವರ್ಷಗಟ್ಟಲೆ ನೋಡಿ, ಅವುಗಳ ರೆಕ್ಕೆಯ ಬಾಗನ್ನು ಮಾತ್ರ ತೆಗೆದುಕೊಂಡು, ಬಡಿಯದ ರೆಕ್ಕೆಯಲ್ಲಿ ತೇಲಿದ್ದರಿಂದ. 1896ರಲ್ಲಿ ಹಾಗೆ ತೇಲುವಾಗಲೇ ಬಿದ್ದು ಸತ್ತರು. ರೈಟ್ ಸೋದರರೂ ಹದ್ದುಗಳಿಂದ ಕಲಿತದ್ದು ಹಾರುವುದನ್ನಲ್ಲ, ರೆಕ್ಕೆ ತಿರುಚಿ ವಾಲುವುದನ್ನು.

ಅಳತೆಯ ತೊಡಕೂ ಇದೆ. ಕೊಕ್ಕರೆಯನ್ನು ಎಲ್ಲ ಕಡೆಯಿಂದ ಎರಡು ಪಟ್ಟು ದೊಡ್ಡದು ಮಾಡಿದರೆ ರೆಕ್ಕೆಯ ವಿಸ್ತಾರ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟು. ಬೆಳೆದಷ್ಟೂ ತೂಕವೇ ಗೆಲ್ಲುತ್ತದೆ. ವೇಗವೂ ಹಾಗೇ. ಗೂಬೆಯ ರೆಕ್ಕೆಯ ಮುಂದಂಚಿನಲ್ಲಿ ಬಾಚಣಿಗೆಯಂಥ ಹಲ್ಲು, ಹಿಂದಂಚಿನಲ್ಲಿ ಮೆತ್ತನೆ ಜಾಲರಿ ಇರುವುದರಿಂದ ಅದು ಸದ್ದಿಲ್ಲದೆ ಹಾರುತ್ತದೆ. ಗಾಳಿ ವಿದ್ಯುತ್ ಯಂತ್ರಗಳ ರೆಕ್ಕೆಯ ಹಿಂದಂಚಿಗೆ ಗರಗಸದ ಪಟ್ಟಿ ಹಾಕಿ ಸದ್ದು ಇಳಿಸಿದ್ದೂ ಉಂಟು. ಹೆಲಿಕಾಪ್ಟರ್‌ಗೂ ಹಾಕಿಬಿಡಬಹುದಲ್ಲ ಅನ್ನಿಸುತ್ತದೆ. ಆದರೆ ಗೂಬೆ ಹಾರುವುದು ಸೆಕೆಂಡಿಗೆ ಹತ್ತು ಮೀಟರ್ ಆಸುಪಾಸಿನಲ್ಲಿ, ಹೆಲಿಕಾಪ್ಟರ್ ರೆಕ್ಕೆಯ ತುದಿ ತಿರುಗುವುದು ಸುಮಾರು ಇನ್ನೂರು ಮೀಟರ್ ವೇಗದಲ್ಲಿ. ಅಲ್ಲಿ ಸದ್ದು ಹುಟ್ಟುವ ಬಗೆಯೇ ಬೇರೆ. ಮುಂದಿನ ರೆಕ್ಕೆ ಬಿಟ್ಟುಹೋದ ಸುಳಿಗೆ ಹಿಂದಿನ ರೆಕ್ಕೆ ಹೋಗಿ ಬಡಿಯುತ್ತದೆ. ಹೆಲಿಕಾಪ್ಟರ್ ಇಳಿಯುವಾಗ ಕೇಳುವ ಆ ಪಟಪಟ ಸದ್ದಿನ ಒಂದು ಮುಖ್ಯ ಕಾರಣ ಅದು. ಬೆಳ್ಳಕ್ಕಿಗೆ ಲಾಭ ಕೊಟ್ಟ ಸುಳಿಯೇ ಇಲ್ಲಿ ಕಾಟ ಕೊಡುತ್ತದೆ.

ಗುಬ್ಬಿಗೂ ವೇಮಗಲ್‌ಗೂ ಇದರಿಂದ ಏನು?

ಸದ್ಯಕ್ಕೆ ಜಾಸ್ತಿ ಏನಿಲ್ಲ. ಗುಬ್ಬಿಯ ಲಘು ಹೆಲಿಕಾಪ್ಟರ್ ಆಗಲಿ, ವೇಮಗಲ್‌ನ ಎಚ್125 ಆಗಲಿ ವಿನ್ಯಾಸ ಮುಗಿದು ನೆಲೆನಿಂತ ಯಂತ್ರಗಳು. ಎಚ್125ರ ಹಿಂದಿನ ರೂಪ 2005ರಲ್ಲೇ ಎವರೆಸ್ಟ್ ತುದಿಯಲ್ಲಿ ಇಳಿದು ಬಂದಿದೆ. ಪ್ರಮಾಣಪತ್ರ ಸಿಕ್ಕ ವಿನ್ಯಾಸದಲ್ಲಿ ಒಂದು ಅಂಚು ಬದಲಿಸಿದರೂ ಮತ್ತೆ ಪರೀಕ್ಷೆ, ಮತ್ತೆ ಕಾಗದ. ಇಂಧನ ಉಳಿಸುವ ಹೊಸ ಉಪಾಯಗಳು ಮೊದಲು ಸೇರುವುದು ದೂರ ಹಾರುವ ದೊಡ್ಡ ವಿಮಾನಗಳಿಗೆ, ಯಾಕೆಂದರೆ ದುಡ್ಡು ಸುಡುವುದು ಅಲ್ಲಿ.

ಆದರೆ ಹೆಲಿಕಾಪ್ಟರ್‌ಗೂ ನಮ್ಮ ಕಾಡಿಗೂ ಒಂದು ನಂಟಿದೆ. ದೇವರಾಯನದುರ್ಗದ ಕಡೆ ಜಾಲಾರಿ ಮರಗಳಿವೆ. ಅದರ ಕಾಯಿಗೆ ಐದು ರೆಕ್ಕೆ, ಮೂರು ಉದ್ದ, ಎರಡು ಗಿಡ್ಡ. ಬೇಸಿಗೆ ಮುಗಿಯುವ ಹೊತ್ತಿಗೆ ಗಾಳಿ ಬೀಸಿದರೆ ಕಾಯಿ ಕಳಚಿ ಒಂದೆರಡು ಗೇಣು ಕಲ್ಲಿನ ಹಾಗೆ ಬೀಳುತ್ತದೆ, ಆಮೇಲೆ ಗಿರಗಿರ ತಿರುಗಲು ಶುರುಮಾಡಿ ನಿಧಾನವಾಗುತ್ತದೆ. ತಿರುಗಿಸಲು ಎಂಜಿನ್ ಇಲ್ಲ. ಬೀಳುವಾಗ ಕೆಳಗಿನಿಂದ ಬರುವ ಗಾಳಿಯೇ ತಿರುಗಿಸುತ್ತದೆ, ತಿರುಗುವ ರೆಕ್ಕೆ ಬೀಳುವುದನ್ನು ತಡೆಯುತ್ತದೆ. ನಿಧಾನವಾಗಿ ಬಿದ್ದಷ್ಟೂ ಗಾಳಿಗೆ ಸಿಕ್ಕಿ ತಾಯಿಮರದಿಂದ ದೂರ ಹೋಗಬಹುದು.

ಗುಬ್ಬಿ, ವೇಮಗಲ್ ಎರಡರ ಹೆಲಿಕಾಪ್ಟರೂ ಒಂಟಿ ಎಂಜಿನ್‌ನವು. ಅದು ಕೈಕೊಟ್ಟರೆ ಪೈಲಟ್ ಮಾಡಬೇಕಾದದ್ದು ಜಾಲಾರಿ ಕಾಯಿ ಮಾಡುವುದನ್ನೇ. ರೆಕ್ಕೆಗಳ ಕೋನ ಇಳಿಸಿ, ಕೆಳಗಿನ ಗಾಳಿಯಿಂದ ಅವು ತಿರುಗುತ್ತಲೇ ಇರುವಂತೆ ನೋಡಿಕೊಂಡು, ನೆಲ ಹತ್ತಿರ ಬಂದಾಗ ಆ ತಿರುಗಾಟದ ಬಲವನ್ನೆಲ್ಲ ಒಮ್ಮೆಗೇ ಬಳಸಿ ಮೆಲ್ಲಗೆ ಕೂರುವುದು. ಪೈಲಟ್ ತರಬೇತಿಯಲ್ಲಿ ಇದು ಕಡ್ಡಾಯ ಪಾಠ. ಹಾಗಂತ ಇದನ್ನು ಬೀಜದಿಂದ ಕಲಿತರು ಅಂದರೆ ತಪ್ಪಾಗುತ್ತದೆ. 1923ರಲ್ಲಿ ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ಇದೇ ತತ್ವದ ಮೇಲೆ, ಮೇಲಿನ ರೆಕ್ಕೆ ಗಾಳಿಯಿಂದಲೇ ತಿರುಗುವ ತಮ್ಮ ಆಟೊಜೈರೊ ಅನ್ನುವ ವಿಮಾನ ಹಾರಿಸಿದರು. ಮೇಪಲ್ ಬೀಜದ ರೆಕ್ಕೆಯ ಮುಂದಂಚಿನ ಮೇಲೆ ಪುಟ್ಟ ಸುಳಿಯೊಂದು ಕೂತು ಅದನ್ನು ಎತ್ತಿಹಿಡಿಯುತ್ತದೆ ಅಂತ ವಿಜ್ಞಾನಿಗಳು ಅಳೆದದ್ದು 2009ರಲ್ಲಿ. ಯಂತ್ರ ಮೊದಲು, ಬೀಜದ ವಿವರಣೆ ಆಮೇಲೆ. ‘ಪ್ರಕೃತಿಯಿಂದ ಪ್ರೇರಣೆ’ ಅನ್ನುವ ಎಷ್ಟೋ ಕಥೆಗಳು ಹೀಗೆ ಹಿಂದುಮುಂದಾಗಿವೆ. ಜಾಹೀರಾತಿಗೆ ಮಾತ್ರ ಒಳ್ಳೇ ಸಾಲು.

ಉಳಿದದ್ದು ಎಲ್ಲಿ ಹೋಗುತ್ತದೆ?

2050ರ ಹೊತ್ತಿಗೆ ಇಂಗಾಲದ ಹೊರೆಯನ್ನು ನಿವ್ವಳ ಸೊನ್ನೆಗೆ ತರುತ್ತೇವೆ ಅಂತ ಜಗತ್ತಿನ ವಿಮಾನಯಾನ ಸಂಸ್ಥೆಗಳ ಒಕ್ಕೂಟ ಐಎಟಿಎ 2021ರಲ್ಲಿ ಹೇಳಿತು. ಅದರ ಲೆಕ್ಕದಲ್ಲಿ 65 ಪರ್ಸೆಂಟ್ ಕೆಲಸ ಆಗಬೇಕಾದದ್ದು ಜೈವಿಕ ಮತ್ತು ಇತರ ಬದಲಿ ಇಂಧನಗಳಿಂದ. ಹೊಸ ತಂತ್ರಜ್ಞಾನದ ಪಾಲು 13. ಹಾರಾಟದ ರೀತಿ ಸುಧಾರಿಸುವುದರ ಪಾಲು ಬರೀ 3. ಬಾತುಗಳ ಸಾಲು ಬರುವುದು ಈ 3ರೊಳಗೆ. ಇಷ್ಟಕ್ಕೆ ಯಾಕೆ ಒದ್ದಾಟ ಅಂತ ಪರಿಸರದ ಕಡೆಯವರು ಕೇಳುತ್ತಾರೆ. ಅವರ ಇನ್ನೊಂದು ಆಕ್ಷೇಪ ಇನ್ನೂ ಗಟ್ಟಿ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಪ್ರತಿ ವಿಮಾನ ಉಳಿಸುವ ನಾಲ್ಕೈದು ಪರ್ಸೆಂಟನ್ನು ಹೆಚ್ಚುವರಿ ವಿಮಾನಗಳು ನುಂಗಿ ನೀರು ಕುಡಿಯುತ್ತವೆ.

ಕಂಪನಿಗಳ ಉತ್ತರವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಬದಲಿ ಇಂಧನ ದುಬಾರಿ, ಸಿಗುವುದೂ ಕಮ್ಮಿ. ಭಾರತ ಇಟ್ಟುಕೊಂಡಿರುವ ಗುರಿಯೇ 2027ಕ್ಕೆ ಅಂತರರಾಷ್ಟ್ರೀಯ ಹಾರಾಟಗಳಲ್ಲಿ 1 ಪರ್ಸೆಂಟ್ ಬೆರಕೆ. ಶಾರ್ಕ್ ಹಾಳೆಯೂ ಉಳಿಸುವುದು ಅಷ್ಟೇ, ಅದೂ ಹೊಸ ಬೆಳೆ, ಹೊಸ ಕಾರ್ಖಾನೆ ಬೇಡದೆ. ಇಂಧನ ದುಬಾರಿ ಆದಷ್ಟೂ ಉಳಿಸಿದ ಒಂದೊಂದು ಲೀಟರಿನ ಬೆಲೆಯೂ ಏರುತ್ತದೆ. ಟಿಕೆಟ್ ಅಗ್ಗ ಆಗುತ್ತದೆ ಅಂತ ಮಾತ್ರ ಕಾಯಬೇಡಿ. ಉಳಿತಾಯ ಹೋಗುವುದು ದುಬಾರಿ ಇಂಧನದ ಬಿಲ್ಲಿಗೆ.

ಮೊದಲು ಬರುವುದು ಯಾವುದು ಅಂತ ಊಹಿಸುವುದು ಕಷ್ಟವಲ್ಲ. ಬಾಗಿದ ತುದಿ ಆಗಲೇ ಬಂದಿದೆ. ಹಾಳೆ, ವಿಮಾನಗಳು ದೊಡ್ಡ ರಿಪೇರಿಗೆ ನಿಂತಾಗ ಒಂದೊಂದಕ್ಕೇ ಅಂಟುತ್ತಾ ಹೋಗುತ್ತದೆ. ಸಾಲು ಹಾರಾಟಕ್ಕೆ ಮಾತ್ರ ವಿಮಾನ ಬದಲಾದರೆ ಸಾಲದು, ಅಂತರದ ನಿಯಮಗಳು ಬದಲಾಗಬೇಕು, ಎರಡು ಸಂಸ್ಥೆಗಳು ಒಪ್ಪಂದಕ್ಕೆ ಬರಬೇಕು. ಉಳಿಯುವುದು ಹಿಂದಿನ ವಿಮಾನಕ್ಕೆ, ಮುಂದಿನದಕ್ಕೆ ಸಿಗುವುದೇನು? ಐಬಿಸ್ ಹಕ್ಕಿಗಳು ಮುಂದಿನ ಜಾಗವನ್ನು ಜೋಡಿ ಜೋಡಿಯಾಗಿ ಸರದಿಯಲ್ಲಿ ಹಂಚಿಕೊಳ್ಳುತ್ತವೆ, ಹೆಚ್ಚುಕಮ್ಮಿ ಸಮನಾಗಿ ಅಂತ 2015ರ ಅಧ್ಯಯನ ಹೇಳಿತು. ಪೈಪೋಟಿಯ ಕಂಪನಿಗಳಿಗೆ ಅದೇ ಕೆಲಸವನ್ನು ವಕೀಲರು ಮಾಡಿಕೊಡಬೇಕು.

ಪ್ರಯೋಗಗಳೆಲ್ಲ ಅಟ್ಲಾಂಟಿಕ್ ಮೇಲೆಯೇ ನಡೆಯುವುದಕ್ಕೂ ಕಾರಣ ಇದೆ. ಅಲ್ಲಿ ದಿನಾ ನೂರಾರು ವಿಮಾನಗಳು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ, ಐದಾರು ಗಂಟೆ ನೆಟ್ಟಗೆ ಹಾರುತ್ತವೆ, ಜೋಡಿ ಸಿಗುವುದು ಸುಲಭ. ಬೆಂಗಳೂರಿನಿಂದ ದೆಹಲಿಗೆ ಎರಡೂವರೆ ಮೂರು ಗಂಟೆ. ಮೇಲೇರಿ, ಜೋಡಿ ಹುಡುಕಿ, ಸುಳಿಯ ಅಂಚು ಹಿಡಿಯುವ ಹೊತ್ತಿಗೆ ಇಳಿಯುವ ತಯಾರಿ ಶುರುವಾಗಿರುತ್ತದೆ.